ಹಿಡಿದದ್ದು, ಬಿಟ್ಟದ್ದು

(ವಯಸ್ಸಾದವರು, ಅವರ ಮನೆಯವರು, ಅವರನ್ನು ನೋಡಿಕೊಳ್ಳುವವರು ಒಟ್ಟಿಗೆ ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸರಿಮಾಡಿದ್ದೇನೆ, ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರೂ ಕೈಲಿರುವ ಫೋನು, ಚೀಲ, ನೀರಿನ ಬಾಟಲಿ ಒಂದು ಕ್ಷಣ ಕೆಳಗಿಡಿ. ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಈಗ ಸುಮ್ನೆ ನೋಡಿ.

ಮುಖ ನೋಡಬೇಕು ಅಂದರೆ ಕನ್ನಡಿ ಬೇಕು, ಆದರೂ ದಿನಾ ನೋಡುತ್ತೇವೆ. ಕೈ ಇಡೀ ದಿನ ಕಣ್ಣೆದುರೇ ಇರುತ್ತದೆ, ಅದನ್ನು ನೋಡುವುದೇ ಇಲ್ಲ. ಬರೆಯುವಾಗ ಅಕ್ಷರ ನೋಡುತ್ತೇವೆ, ಹೊಲಿಯುವಾಗ ದಾರ ನೋಡುತ್ತೇವೆ, ಮಗುವಿಗೆ ಅಂಗಿ ತೊಡಿಸುವಾಗ ಮಗುವನ್ನು ನೋಡುತ್ತೇವೆ. ಕೈ ನಮ್ಮ ಗಮನಕ್ಕೆ ಬರುವುದು ಗಾಯವಾದಾಗ, ನೋವು ಬಂದಾಗ, ಅಥವಾ ಲೋಟ ಹಿಡಿದಾಗ ಮೊದಲ ಸಲ ನಡುಗಿದಾಗ. ಅದಕ್ಕೂ ಮುಂಚೆ ಒಮ್ಮೆ ಕೂತು ನೋಡೋಣ ಅಂತ ನನಗೆ ಬಹಳ ದಿನದಿಂದ ಆಸೆ.

ನಾನು ಡಾಕ್ಟರ್ ಅಲ್ಲ. ವಯಸ್ಸಾದವರ ಜೊತೆ ಕೂತು ಅವರ ಬದುಕಿನ ಕತೆ ಕೇಳಿ ಬರೆದುಕೊಡುತ್ತೇನೆ. ಆ ಕೆಲಸದಲ್ಲೇ ಕೈಗಳ ಕಡೆ ನನ್ನ ಕಣ್ಣು ಹೋಯಿತು, ಆಮೇಲೆ ಅವುಗಳ ಬಗ್ಗೆ ಓದಲು ಶುರುಮಾಡಿದೆ. ಓದಿದಷ್ಟೂ ಆಶ್ಚರ್ಯ ಜಾಸ್ತಿಯಾಯಿತು.

ಈಗ ಬಲಗೈಯಿಂದ ಎಡ ಮುಂಗೈಯನ್ನು, ಅಂದರೆ ಮಣಿಕಟ್ಟಿಗೂ ಮೊಣಕೈಗೂ ನಡುವಿನ ಭಾಗವನ್ನು, ಮೆತ್ತಗೆ ಹಿಡಿದುಕೊಳ್ಳಿ. ಎಡಗೈ ಬೆರಳುಗಳನ್ನು ಆಡಿಸಿ. ಚರ್ಮದ ಕೆಳಗೆ ಏನೋ ಹರಿದಾಡಿದ ಹಾಗೆ ಅನ್ನಿಸುತ್ತದೆ ಅಲ್ವಾ? ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳು ಇರುವುದು ಅಲ್ಲಿ. ಬೆರಳಿನೊಳಗೆ ಎಲುಬಿದೆ, ಕೀಲಿದೆ, ನರ, ರಕ್ತನಾಳ ಇದೆ, ಮಡಚುವ ಸ್ನಾಯು ಮಾತ್ರ ಇಲ್ಲ. ಸೂತ್ರದ ಬೊಂಬೆಯ ಹಾಗೆ ಅದನ್ನು ಮುಂಗೈಯ ಸ್ನಾಯುಗಳು ದೂರದಿಂದ ಎಳೆಯುತ್ತವೆ. ಒಂದೊಂದು ಕೈಯಲ್ಲಿ 27 ಎಲುಬು. ಎರಡೂ ಸೇರಿ 54. ಇಡೀ ದೇಹದಲ್ಲಿರುವುದೇ 206, ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಈ ಎರಡು ಪುಟ್ಟ ಜಾಗಗಳಲ್ಲೇ ಇವೆ.

ಈ ಕೈ ಮೊದಲು ಮಾಡಿದ ಕೆಲಸ ಯಾವುದು? ನಮಗೆ ಯಾರಿಗೂ ನೆನಪಿಲ್ಲ. ಹೊಟ್ಟೆಯೊಳಗಿನ ಮಗು ಹೆಬ್ಬೆರಳು ಚೀಪುವುದನ್ನು ಸ್ಕ್ಯಾನ್‌ನಲ್ಲಿ ನೋಡಬಹುದು. ಬೆರಳಚ್ಚಿನ ಗೆರೆಗಳೂ ಅಲ್ಲೇ, ಸುಮಾರು 10ನೇ ವಾರದಿಂದ ಮೂಡಲು ಶುರುವಾಗಿ ಐದನೇ ತಿಂಗಳ ಹೊತ್ತಿಗೆ ಗಟ್ಟಿಯಾಗುತ್ತವೆ. ಹೆಸರಿಡುವ ಮುಂಚೆಯೇ ಗುರುತು ಸಿದ್ಧ.

ಹುಟ್ಟಿದ ಕೂಸಿನ ಅಂಗೈಗೆ ಬೆರಳು ತಾಗಿಸಿ ನೋಡಿದ್ದೀರಿ, ತಟ್ಟನೆ ಹಿಡಿದುಕೊಳ್ಳುತ್ತದೆ. ನಾವು ಅದನ್ನು ಪ್ರೀತಿ ಅಂದುಕೊಂಡು ಕರಗಿಹೋಗುತ್ತೇವೆ. ಮಗುವಿಗೆ ಅದು ಗೊತ್ತೇ ಇರುವುದಿಲ್ಲ, ಅಂಗೈ ಮುಟ್ಟಿದರೆ ಬೆರಳು ತಾನಾಗಿ ಮುಚ್ಚುತ್ತದೆ ಅಷ್ಟೆ. ಐದಾರು ತಿಂಗಳಿಗೆ ಆ ಸಹಜ ಹಿಡಿತ ಹೋಗಿ, ಬೇಕಾದದ್ದನ್ನು ಬೇಕು ಅಂತಲೇ ಹಿಡಿಯುವುದು ಬರುತ್ತದೆ. ನನಗೆ ಇಷ್ಟವಾದ ಸಂಗತಿ ಇದರ ಮುಂದಿನದು. ಹಿಡಿದದ್ದನ್ನು ಬೇಕೆಂದೇ ಬಿಡುವುದು ಇನ್ನೂ ತಡವಾಗಿ ಬರುತ್ತದೆ, ಒಂಬತ್ತು ಹತ್ತು ತಿಂಗಳು ಆಗಬೇಕು. ಅಲ್ಲಿವರೆಗೆ ಮಗುವಿನ ಕೈಗೆ ಕೂದಲು ಸಿಕ್ಕಿದರೆ ನಾವೇ ಒಂದೊಂದೇ ಬೆರಳು ಬಿಡಿಸಬೇಕು. ಆಮೇಲೆ ಒಂದು ದಿನ ಅದು ಚಮಚ ಬೀಳಿಸುತ್ತದೆ. ಎತ್ತಿಕೊಟ್ಟರೆ ಮತ್ತೆ ಬೀಳಿಸುತ್ತದೆ. ನಾವು ಹಟ ಅಂತ ಬೈಯುತ್ತೇವೆ. ಬೈಯಬೇಡಿ. ಆ ಮಗು ಬಿಡುವುದನ್ನು ಕಲಿಯುತ್ತಿದೆ, ಹಿಡಿಯುವುದಕ್ಕಿಂತ ಕಷ್ಟದ ಕೆಲಸ ಅದು, ಮತ್ತು ಅದನ್ನು ಕಲಿಯದೆ ಮುಂದೆ ಯಾರ ಕೈಗೂ ಏನನ್ನೂ ಕೊಡಲು ಆಗುವುದಿಲ್ಲ.

ಹಿಡಿಯುವುದು, ಬಿಡುವುದು. ಆಮೇಲಿನ ಎಪ್ಪತ್ತು ಎಂಬತ್ತು ವರ್ಷ ಕೈ ಮಾಡುವುದು ಹೆಚ್ಚೂಕಡಿಮೆ ಇದನ್ನೇ.

ಹಿಡಿಯುವುದರಲ್ಲೂ ಬೇರೆ ಬೇರೆ ಇದೆ. ಜಾನ್ ನೇಪಿಯರ್ ಅನ್ನುವ ಬ್ರಿಟಿಷ್ ವಿಜ್ಞಾನಿ 1956ರಲ್ಲಿ ಇದನ್ನು ಎರಡಾಗಿ ವಿಂಗಡಿಸಿದರು. ಸುತ್ತಿಗೆ ಹಿಡಿಯುವಾಗ ಇಡೀ ಅಂಗೈ, ಎಲ್ಲ ಬೆರಳು ಸೇರಿ ಬಿಗಿಯಾಗುವ ಬಲದ ಹಿಡಿತ ಒಂದು. ಸೂಜಿ ಹಿಡಿಯುವಾಗ ಹೆಬ್ಬೆರಳಿನ ತುದಿಗೆ ಉಳಿದ ಬೆರಳ ತುದಿ ಸೇರುವ ನಾಜೂಕಿನ ಹಿಡಿತ ಇನ್ನೊಂದು. ಚಂದ ಏನೆಂದರೆ, ಯಾವ ಹಿಡಿತ ಅನ್ನುವುದನ್ನು ನಿರ್ಧರಿಸುವುದು ವಸ್ತು ಒಂದೇ ಅಲ್ಲ, ಅದರಿಂದ ನಾವು ಏನು ಮಾಡಹೊರಟಿದ್ದೇವೆ ಅನ್ನುವುದೂ ಹೌದು. ಬಾಟಲಿಯ ಬಿಗಿ ಮುಚ್ಚಳವನ್ನು ಮೊದಲು ಬಲ ಹಾಕಿ ಹಿಡಿಯುತ್ತೇವೆ, ಸಡಿಲವಾದ ತಕ್ಷಣ ಬೆರಳ ತುದಿಗೆ ಬರುತ್ತೇವೆ. ಯೋಚನೆ ಮಾಡಿ ಮಾಡಿದ್ದಲ್ಲ. ಕೈ ತಾನೇ ಬದಲಾಯಿಸಿಕೊಂಡಿತು.

ಹೀಗೆ ದಿನಾ ಮಾಡಿದ ಕೆಲಸ ಎಲ್ಲಿ ಉಳಿಯುತ್ತದೆ? ಒಂದಷ್ಟು ಚರ್ಮದ ಮೇಲೆ ಉಳಿಯುತ್ತದೆ. ಪೆನ್ನು ಒತ್ತಿದ ಜಾಗದ ಗಂಟು, ಹಿಡಿಕೆ ಹಿಡಿದ ಅಂಗೈಯ ಜಡ್ಡು. ಇನ್ನೊಂದಷ್ಟು ಮಿದುಳಿನಲ್ಲಿ. ವೈಲ್ಡರ್ ಪೆನ್‌ಫೀಲ್ಡ್ ಅನ್ನುವ ನರಶಸ್ತ್ರಚಿಕಿತ್ಸಕರು ಎಚ್ಚರವಾಗಿದ್ದ ರೋಗಿಗಳ ಮಿದುಳನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿ, ಯಾವ ಜಾಗ ಯಾವ ಅಂಗದ್ದು ಅಂತ ಗುರುತು ಮಾಡಿದ್ದರು. 1937ರಲ್ಲಿ ಪ್ರಕಟವಾದ ಆ ನಕ್ಷೆಯಲ್ಲಿ ಕೈಗೆ ಸಿಕ್ಕ ಜಾಗ ಇಡೀ ಬೆನ್ನು ಹೊಟ್ಟೆಗೆ ಸಿಕ್ಕಿದ್ದಕ್ಕಿಂತ ಎಷ್ಟೋ ದೊಡ್ಡದು. ಆ ಜಾಗ ಕೆಲಸಕ್ಕೆ ತಕ್ಕಂತೆ ಬೆಳೆಯುತ್ತದೆ ಅನ್ನುವುದು ಆಮೇಲೆ ಗೊತ್ತಾಯಿತು. 1990ರ ದಶಕದಲ್ಲಿ ಪಿಟೀಲಿನಂಥ ತಂತಿ ವಾದ್ಯ ನುಡಿಸುವವರನ್ನು ಪರೀಕ್ಷಿಸಿದಾಗ, ತಂತಿ ಒತ್ತುವ ಎಡಗೈ ಬೆರಳುಗಳ ಜಾಗ ಬೇರೆಯವರದಕ್ಕಿಂತ ದೊಡ್ಡದಾಗಿತ್ತು, ಚಿಕ್ಕ ವಯಸ್ಸಿನಲ್ಲೇ ಕಲಿಯಲು ಶುರು ಮಾಡಿದವರಲ್ಲಿ ಇನ್ನೂ ಜಾಸ್ತಿ. ಬ್ರೈಲ್ ಓದುವವರ ಓದುವ ಬೆರಳಿನ ವಿಷಯದಲ್ಲೂ ಹಾಗೇ. ಹಾಗಾಗಿ ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವರ ತಲೆಯೊಳಗೂ ಆ ಹೊಲಿಗೆಯ ಗುರುತು ಇದ್ದೇ ಇರುತ್ತದೆ ಅಂತ ನಾನು ನಂಬುತ್ತೇನೆ. ಯಾರೂ ಅಳೆದಿಲ್ಲ ಅಷ್ಟೆ.

ಈಗ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಹೆಸರು ಬೇಡ. ಅವರ ಮಗಳು ನನ್ನನ್ನು ಕರೆಸಿದ್ದರು, ಅಮ್ಮನ ಕತೆ ಬರೆದಿಡಿ ಅಂತ. ಅಜ್ಜಿ ಮೊದಲು ಹೇಳಿದ್ದು ಒಂದೇ ಮಾತು: "ನಂದೇನಿದೆ ಬರೆಯೋಕೆ? ನಾನು ಏನೂ ಮಾಡಿಲ್ಲ." ಎಲ್ಲಿ ಹುಟ್ಟಿದಿರಿ, ಎಷ್ಟು ಓದಿದಿರಿ, ಯಾವ ಕೆಲಸದಲ್ಲಿದ್ದಿರಿ ಅಂತ ಕೇಳಿದೆ. ಎಲ್ಲಕ್ಕೂ ಒಂದೊಂದು ಸಾಲಿನ ಉತ್ತರ. ಅವರ ಎಡಗೈ ತೋರುಬೆರಳಿನ ಮೇಲೆ ಒಂದು ಬಿಳಿ ಗೆರೆ ಇತ್ತು. ಇದೇನು ಅಂತ ಕೇಳಿದೆ. ಅಲ್ಲಿಂದ ಅವರು ಶುರು ಮಾಡಿದವರು ಕತ್ತಲಾಗುವವರೆಗೂ ನಿಲ್ಲಿಸಲಿಲ್ಲ. ಆ ಗೆರೆ ಆದದ್ದು ತಮ್ಮನಿಗೆ ಕಟ್ಟಿಗೆಯಲ್ಲಿ ಆಟಿಕೆ ಕೆತ್ತಿಕೊಡುವಾಗ. ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಇವರೇ, ಇವರಿಗೇ ಆಗ ಎಂಟೋ ಒಂಬತ್ತೋ ವರ್ಷ. ಆಮೇಲೆ ಒಗೆದ ಬಟ್ಟೆ, ಹೊತ್ತ ನೀರು, ಎಣ್ಣೆ ಹಚ್ಚಿದ ತಲೆಗಳು, ಜ್ವರ ಬಂದವರ ಹಣೆ. ಅತ್ತೆ ಹಾಸಿಗೆ ಹಿಡಿದಾಗ ಮೈ ಒರೆಸಿದ್ದು. ಗಂಡನ ಕಣ್ಣು ಮುಚ್ಚಿದ್ದು. ಅದನ್ನು ಹೇಳುವಾಗ ಅವರ ಕೈ ತಾನಾಗಿ ಎದ್ದು ಗಾಳಿಯಲ್ಲೇ ಆ ಕೆಲಸವನ್ನು ಮತ್ತೆ ಮಾಡಿ ತೋರಿಸಿತು. ಏನೂ ಮಾಡಿಲ್ಲ ಅಂದಿದ್ದರು!

ಯಾಕೆ ಹಾಗೆ ಅಂದರು ಅಂತ ನಾನು ಆಮೇಲೆ ಬಹಳ ಯೋಚಿಸಿದೆ. ಅವರ ಕೈ ಮಾಡಿದ ಕೆಲಸ ಯಾವುದೂ ಉಳಿಯುವಂಥದ್ದಲ್ಲ. ಒಗೆದ ಬಟ್ಟೆ ಮತ್ತೆ ಕೊಳೆಯಾಯಿತು. ಒರೆಸಿದ ನೆಲದ ಮೇಲೆ ಮತ್ತೆ ಧೂಳು ಬಿತ್ತು. ತಟ್ಟಿ ಮಲಗಿಸಿದ ಮಗು ಎದ್ದು ಬೆಳೆದು ಹೊರಟುಹೋಯಿತು. ನಾವು ಉಳಿದದ್ದನ್ನು ಮಾತ್ರ ಸಾಧನೆ ಅಂತ ಲೆಕ್ಕಕ್ಕೆ ಹಿಡಿಯುತ್ತೇವೆ, ಕಟ್ಟಿದ ಮನೆ, ಬರೆದ ಪುಸ್ತಕ, ಗಳಿಸಿದ ದುಡ್ಡು. ನನ್ನ ಪ್ರಕಾರ ಆ ಲೆಕ್ಕವೇ ತಪ್ಪು. ಆ ಮಗು ಬದುಕಿ ಬೆಳೆದದ್ದು ಈ ಕೈ ರಾತ್ರಿಯೆಲ್ಲ ಎಚ್ಚರವಿದ್ದದ್ದರಿಂದ. ಗುರುತು ಉಳಿಯದ ಕೆಲಸವೇ ಕೈ ಮಾಡಿದ ಕೆಲಸಗಳಲ್ಲಿ ಜಾಸ್ತಿ, ಅದನ್ನು ಬಿಟ್ಟು ಯಾರದೇ ಬದುಕನ್ನು ಬರೆದರೂ ಅದು ಅರ್ಧ ಮಾತ್ರ.

ಮೆಲ್ಲಗೆ ಸವರುವುದನ್ನೇ ನೋಡಿ. ಕೂದಲಿರುವ ಚರ್ಮದಲ್ಲಿ, ಅಂದರೆ ತೋಳು, ಬೆನ್ನು, ಹಣೆಯಂಥ ಕಡೆ, ನಿಧಾನದ ಸವರುವಿಕೆಗೆ ಮಾತ್ರ ಚೆನ್ನಾಗಿ ಎಚ್ಚರಗೊಳ್ಳುವ ಒಂದು ಬಗೆಯ ಸಣ್ಣ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗ ಅವಕ್ಕೆ ಹಿತ. ಅದಕ್ಕಿಂತ ಜೋರಾದರೆ ಅವು ಅಷ್ಟಾಗಿ ಸ್ಪಂದಿಸುವುದಿಲ್ಲ. ಮಗುವನ್ನು ಸವರಿ ಅಂತ ತಂದೆತಾಯಿಗಳಿಗೆ ಹೇಳಿದರೆ, ಯಾರೂ ಹೇಳಿಕೊಡದೆ ಕೈ ಆ ವೇಗಕ್ಕೇ ಬರುತ್ತದೆ. ಇದನ್ನು ಓದಿದ ದಿನ ನನಗೆ ಆ ಅಜ್ಜಿ ನೆನಪಾದರು. ಅವರು ಎಷ್ಟು ಹಣೆಗಳನ್ನು ಸವರಿದ್ದರೋ.

ಕೈ ತನ್ನ ಗುರುತನ್ನು ಬೇಕೆಂದೇ ಉಳಿಸಿದ್ದೂ ಉಂಟು. ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಗುಹೆಯೊಂದರಲ್ಲಿ, ಬಂಡೆಗೆ ಅಂಗೈ ಒತ್ತಿ ಸುತ್ತ ಬಣ್ಣ ಊದಿದ ಗುರುತಿದೆ. 2014ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಅದು ಕಡಿಮೆ ಅಂದರೂ 39,900 ವರ್ಷ ಹಳೆಯದು. ಅರ್ಜೆಂಟೀನಾದ 'ಕೈಗಳ ಗುಹೆ'ಯಲ್ಲಿ ಒಂದರ ಮೇಲೊಂದು ನೂರಾರು ಕೈಗಳಿವೆ, ಹೆಚ್ಚಿನವು ಎಡಗೈ. ಬಣ್ಣ ಊದುವ ಕೊಳವೆ ಬಲಗೈಯಲ್ಲಿ ಇದ್ದಿರಬೇಕು. ಆ ಕೈ ಬಂಡೆಯ ಮೇಲೆ ಇದ್ದದ್ದು ಸ್ವಲ್ಪ ಹೊತ್ತು. ಅದರ ಹಿಂದೆ ಮುಂದೆ ಇಡೀ ಆಯುಷ್ಯ ಅದೇ ಕೈ ಬೆಂಕಿ ಹಚ್ಚಿತ್ತು, ಚರ್ಮ ಹದ ಮಾಡಿತ್ತು, ಮಗುವನ್ನು ಎತ್ತಿತ್ತು. ನಮಗೆ ಸಿಕ್ಕಿದ್ದು ಆ ಸ್ವಲ್ಪ ಹೊತ್ತು ಮಾತ್ರ.

ಇನ್ನೊಂದು ವಿಷಯ ನನಗೆ ನಿಜಕ್ಕೂ ಸಂಕಟ ಕೊಡುತ್ತದೆ. ಬೆರಳಿನ ಹೊರಚರ್ಮ ಸುಮಾರು ತಿಂಗಳಿಗೊಮ್ಮೆ ಹೊಸದಾಗುತ್ತದೆ, ಆದರೆ ಗೆರೆಗಳ ಅಚ್ಚು ಒಳಪದರದಲ್ಲಿ ಇರುವುದರಿಂದ ಅದೇ ಗೆರೆ ಮತ್ತೆ ಬರುತ್ತದೆ. ಆದರೂ ವರ್ಷಗಟ್ಟಲೆ ಇಟ್ಟಿಗೆ ಹೊತ್ತವರ, ಸಿಮೆಂಟ್ ಕಲಸಿದವರ, ಪಾತ್ರೆ ತಿಕ್ಕಿದವರ ಬೆರಳಲ್ಲಿ ಆ ಗೆರೆ ಸವೆದು ನುಣ್ಣಗಾಗಿಬಿಡುತ್ತದೆ. ವಯಸ್ಸಾದಂತೆ ಇನ್ನೂ ಮಸುಕಾಗುತ್ತದೆ. ಬೆರಳು ಇಡಿ ಅನ್ನುವ ಯಂತ್ರದ ಮುಂದೆ ಇಂಥವರು ನಿಂತಾಗ, ಅದು ಗೊತ್ತಾಗುತ್ತಿಲ್ಲ ಅಂತ ಕೆಂಪು ದೀಪ ತೋರಿಸುತ್ತದೆ. ಒರೆಸಿ ಇಡಿ, ಇನ್ನೊಂದು ಬೆರಳು ಇಡಿ ಅಂತ ಎದುರಿನವರು ರೇಗುತ್ತಾರೆ. ಜಾಸ್ತಿ ದುಡಿದ ಕೈಗೇ ನೀನು ಯಾರು ಅನ್ನುವ ಪ್ರಶ್ನೆ. ಆ ಮೇಜಿನ ಆಚೆ ಕೂರುವ ಯಾರಾದರೂ ಇಲ್ಲಿದ್ದರೆ, ದಯವಿಟ್ಟು, ಆ ಬೆರಳನ್ನು ಒಮ್ಮೆ ನೋಡಿ ಆಮೇಲೆ ಮಾತಾಡಿ.

ಕೈ ಒಳ್ಳೆಯದನ್ನಷ್ಟೇ ಮಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ಗೊತ್ತಿಲ್ಲದೆ ಕೆಡುಕು ಮಾಡಿದ ಕೈಗಳಿವೆ. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರುಗಳು ಹೆರಿಗೆ ಮಾಡಿಸುತ್ತಿದ್ದ ವಿಭಾಗದಲ್ಲಿ ತಾಯಂದಿರು ಸಾಯುತ್ತಿದ್ದರು. ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ಪಕ್ಕದ ವಿಭಾಗದಲ್ಲಿ ಸಾವು ಎಷ್ಟೋ ಕಡಿಮೆ. ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನುವ ಡಾಕ್ಟರ್ ಕಾರಣ ಹುಡುಕಿದರು: ಹೆಣ ಕೊಯ್ದ ಕೈಯಲ್ಲೇ ಬಂದು ಹೆರಿಗೆ ಮಾಡಿಸುತ್ತಿದ್ದರು. ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ ಮೇಲೆ, ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಆದರೂ ಬಹಳ ಮಂದಿ ಡಾಕ್ಟರುಗಳು ಒಪ್ಪಲಿಲ್ಲ. ಉಳಿಸಲು ಚಾಚಿದ ಕೈಯೇ ಕೊಂದಿದೆ ಅಂತ ಒಪ್ಪುವುದು ಯಾರಿಗಾದರೂ ಸುಲಭವಾ?

ಗೊತ್ತಿದ್ದೇ ಮಾಡಿದ್ದೂ ಇರುತ್ತದೆ. ಕತೆ ಹೇಳುತ್ತಿದ್ದ ಒಬ್ಬ ಹಿರಿಯರು ಮಧ್ಯದಲ್ಲಿ ಸುಮ್ಮನಾಗಿ ಬಲಗೈ ನೋಡಿಕೊಂಡರು. ಮಗನಿಗೆ ಚಿಕ್ಕಂದಿನಲ್ಲಿ ಹೊಡೆದದ್ದನ್ನು ಹೇಳಿದರು. ಮಗನಿಗೆ ಈಗ ಐವತ್ತು ದಾಟಿದೆ. ಇದನ್ನು ಬರೆಯಬೇಕಾ ಅಂತ ಕೇಳಿದೆ. "ಬರೀರಿ. ಅವನಿಗೆ ಬಾಯಲ್ಲಿ ಹೇಳೋಕೆ ನನಗೆ ಆಗಿಲ್ಲ" ಅಂದರು. ಬರೆದೆ. ಕೈ ಮಾಡಿದ್ದನ್ನು ನೆನೆಯುವುದು ಅಂದರೆ ಇದನ್ನೂ ಸೇರಿಸಿಯೇ.

ಕೈಯೇ ಇಲ್ಲದಾದಾಗಲೂ ಕೈ ಹೋಗುವುದಿಲ್ಲ, ಇದು ನನ್ನನ್ನು ತುಂಬಾ ಕಾಡಿದ ವಿಷಯ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ನೋಡಿಕೊಂಡಿದ್ದ ವೈದ್ಯ ಸೈಲಾಸ್ ವೀರ್ ಮಿಚೆಲ್ 1871ರಲ್ಲಿ ಇದನ್ನು ಭೂತ ಅಂಗ ಅಂತ ಕರೆದರು. ಕತ್ತರಿಸಿದ ಕೈ ಇನ್ನೂ ಇದೆ ಅನ್ನಿಸುತ್ತದೆ, ನೋಯುತ್ತದೆ. ಕೆಲವರಿಗೆ ಆ ಇಲ್ಲದ ಕೈ ಮುಷ್ಟಿ ಬಿಗಿದುಕೊಂಡೇ ಇರುತ್ತದೆ, ಉಗುರು ಅಂಗೈಗೆ ಚುಚ್ಚಿದಂಥ ನೋವು, ಬಿಡಿಸೋಣ ಅಂದರೆ ಕೈ ಇಲ್ಲ. 1990ರ ದಶಕದಲ್ಲಿ ವಿ. ಎಸ್. ರಾಮಚಂದ್ರನ್ ಅನ್ನುವ ನರವಿಜ್ಞಾನಿ ಒಂದು ಪೆಟ್ಟಿಗೆಯಲ್ಲಿ ಕನ್ನಡಿ ನಿಲ್ಲಿಸಿ, ಇರುವ ಕೈಯನ್ನು ಅದರ ಮುಂದೆ ಇಡಲು ಹೇಳಿದರು. ಕನ್ನಡಿಯಲ್ಲಿ ನೋಡಿದರೆ ಎರಡೂ ಕೈ ಇದ್ದ ಹಾಗೆ. ಮುಷ್ಟಿ ಬಿಗಿದು ಬಿಚ್ಚಿದಾಗ, ಇಲ್ಲದ ಕೈಯ ಮುಷ್ಟಿಯೂ ಬಿಚ್ಚಿತು ಅಂತ ಕೆಲವರು ಹೇಳಿದರು, ನೋವು ಇಳಿಯಿತು. ಎಲ್ಲರಿಗೂ ಅಲ್ಲ. ಆದರೆ ಬಿಡಲು ಆಗದ ಹಿಡಿತವೊಂದು, ಕೈ ಬಿಡುವುದನ್ನು ಕಣ್ಣಾರೆ ನೋಡಿ ಸಡಿಲವಾಯಿತು.

ವಯಸ್ಸಾದ ಮೇಲೆ ಹಿಡಿತ ಕಡಿಮೆಯಾಗುತ್ತದೆ. ಡಾಕ್ಟರ್ "ನನ್ನ ಬೆರಳು ಗಟ್ಟಿಯಾಗಿ ಹಿಡೀರಿ" ಅನ್ನುವುದು ಸುಮ್ಮನೆ ಅಲ್ಲ. 17 ದೇಶಗಳ ಸುಮಾರು 1,40,000 ಜನರನ್ನು ಗಮನಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಡಿತದ ಬಲ 5 ಕಿಲೋ ಕಡಿಮೆ ಇದ್ದಷ್ಟಕ್ಕೂ ಸಾವಿನ ಅಪಾಯ ನೂರಕ್ಕೆ 16ರಷ್ಟು ಜಾಸ್ತಿ ಕಂಡಿತು. ಕೈ ಇಡೀ ಮೈಯ ಸುದ್ದಿ ಹೇಳುತ್ತದೆ.

ಇಲ್ಲಿರುವ ಆರೈಕೆ ಮಾಡುವವರಿಗೆ ಒಂದು ಮಾತು. ಮರೆವಿನ ಕಾಯಿಲೆ ಬಹಳ ಮುಂದೆ ಹೋದಾಗ, ಹುಟ್ಟಿದಾಗ ಇದ್ದ ಆ ಸಹಜ ಹಿಡಿತ ಕೆಲವರಲ್ಲಿ ಮತ್ತೆ ಬರುತ್ತದೆ. ನಿಮ್ಮ ಕೈ ಅವರ ಅಂಗೈಗೆ ತಾಗಿದರೆ ಹಿಡಿದುಕೊಂಡು ಬಿಡುವುದೇ ಇಲ್ಲ. ಹಟ, ಕೋಪ ಅಂತ ಅಂದುಕೊಳ್ಳಬೇಡಿ. ಎಳೆದಷ್ಟೂ ಆ ಹಿಡಿತ ಗಟ್ಟಿಯಾಗುತ್ತದೆ. ಎಳೆಯಬೇಡಿ, ಸ್ವಲ್ಪ ಹೊತ್ತು ಹಾಗೇ ಕೂತಿರಿ. ಕಲಿತದ್ದನ್ನೆಲ್ಲ ಕೈ ಒಂದೊಂದಾಗಿ ಮರೆಯುವಾಗ, ಕೂಸಾಗಿದ್ದಾಗ ಕಲಿತ ಬಿಡುವುದನ್ನೂ ಕೊನೆಗೆ ಮರೆತಿದೆ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದಳು: ಅಪ್ಪನಿಗೆ ಪಾರ್ಶ್ವವಾಯು ಆಗಿ ಬಲಗೈ ಆಡುವುದಿಲ್ಲ, ಅವರ ಹತ್ತಿರ ಕೈ ವಿಷಯ ಎತ್ತಿದರೆ ನೋವಾಗುವುದಿಲ್ವಾ? ಆಗಬಹುದು. ಆದರೆ ಮನೆಯಲ್ಲಿ ಎಲ್ಲರೂ ಆ ಕೈಯನ್ನು ನೋಡದ ಹಾಗೆ ಮಾಡಿದರೆ ಅದರಿಂದಲೂ ನೋವಾಗುತ್ತದೆ, ಬಹುಶಃ ಜಾಸ್ತಿ. ಆ ಕೈಯನ್ನೇ ನಿಮ್ಮ ಕೈಯಲ್ಲಿ ಇಟ್ಟುಕೊಂಡು ಕೇಳಿ. ಅದು ಮುಗಿದ ಕೈ ಅನ್ನುವ ಹಾಗೆ ಮಾತಾಡಬೇಡಿ. ವ್ಯಾಯಾಮ ಹೇಳಿಕೊಡುವವರು ಇದ್ದರೆ ಅವರ ಮಾತು ಕೇಳಿ, ಮಿದುಳು ಹೊಸ ದಾರಿ ಹುಡುಕುವುದು ಪೂರ್ತಿ ನಿಲ್ಲುವುದಿಲ್ಲ.

ಇನ್ನೊಬ್ಬರು ಕೇಳಿದರು, ಅಮ್ಮನ ಹತ್ತಿರ ಎಲ್ಲಿಂದ ಶುರು ಮಾಡಲಿ ಅಂತ. ಗಾಯದ ಗುರುತಿನಿಂದ ಶುರು ಮಾಡಿ. "ನಿಮ್ಮ ಜೀವನದ ಬಗ್ಗೆ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ, "ಇದು ಹೇಗಾಯ್ತು" ಅಂದರೆ ಎಲ್ಲರೂ ಹೇಳುತ್ತಾರೆ. ಇಸವಿ ಕೇಳಬೇಡಿ, ಕೆಲಸ ಕೇಳಿ. ಮೊದಲು ಏನು ಹೊಲಿದಿರಿ, ಯಾರನ್ನು ಎತ್ತಿಕೊಂಡಿರಿ, ಯಾರಿಗೆ ಕಾಗದ ಬರೆದಿರಿ. ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ ಪಕ್ಕಕ್ಕಿಡಿ, ಅದನ್ನೇ ನೋಡುತ್ತಾ ಕೂರಬೇಡಿ. ಒಂದೇ ದಿನ ಮುಗಿಸುವ ಆತುರ ಬೇಡ. ನಡುವೆ ಎಲ್ಲೋ ಅವರು ನಿಮ್ಮ ಕೈ ತಿರುಗಿಸಿ ನೋಡಿ ಇದೇನು ಅಂತ ಕೇಳುತ್ತಾರೆ, ಬಹಳ ಮಂದಿ ಕೇಳುತ್ತಾರೆ. ಆಗ ನೀವೂ ಹೇಳಬೇಕು.